ಬೆಳದಿಂಗಳ ಫೋಟೋಗೆ ಎಷ್ಟು ಕತ್ತಲೆ ಬೇಕು?

ಹುಣ್ಣಿಮೆ ರಾತ್ರಿ ಟ್ರೈಪಾಡ್ ಇಟ್ಟು, ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವ) ಲೆಕ್ಕ ಹಾಕಿ, ಎಲ್ಲವನ್ನೂ ಸರಿಯಾಗಿ ಮಾಡಿ ಒಂದು ಫೋಟೋ ತೆಗೆದರೆ ಅದು ಹಗಲಲ್ಲಿ ತೆಗೆದ ಹಾಗೆ ಕಾಣುತ್ತದೆ. ಆಕಾಶ ನೀಲಿ. ಹುಲ್ಲು ಹಸಿರು. ಗೋಡೆಯ ಮೇಲೆ ಮರದ ನೆರಳು. ಎಲ್ಲೋ ಮೂಲೆಯಲ್ಲಿ ನಾಲ್ಕು ನಕ್ಷತ್ರ ಕಂಡರೆ ಮಾತ್ರ ಅನುಮಾನ ಬರಬೇಕು. ನೋಡಿದವರು "ಇದು ಮಧ್ಯಾಹ್ನದ್ದಲ್ವಾ?" ಅಂತ ಕೇಳಿದರೆ ಅವರನ್ನು ದೂರುವ ಹಾಗಿಲ್ಲ.

ಕ್ಯಾಮೆರಾದ್ದೂ ತಪ್ಪಿಲ್ಲ. ಬೆಳದಿಂಗಳು ಅಂದರೆ ಬಿಸಿಲೇ. ಚಂದ್ರನ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಚದುರಿ ಒಂದಿಷ್ಟು ನಮ್ಮ ಕಡೆ ಬರುತ್ತದೆ. ಚಂದ್ರನ ನೆಲ ನಾವು ಅಂದುಕೊಂಡಷ್ಟು ಬಿಳಿಯೂ ಅಲ್ಲ. ತನ್ನ ಮೇಲೆ ಬಿದ್ದ ಬೆಳಕಲ್ಲಿ ಸುಮಾರು ಶೇ. 12ರಷ್ಟನ್ನು ಮಾತ್ರ ಅದು ವಾಪಸ್ ಕಳಿಸುತ್ತದೆ. ಇಷ್ಟೆಲ್ಲ ಕಳೆದು ನೆಲಕ್ಕೆ ತಲುಪುವ ಬೆಳದಿಂಗಳು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಫೋಟೋಗ್ರಫಿಯಲ್ಲಿ ಬೆಳಕು ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಹದಿನೆಂಟೂವರೆ ಸ್ಟಾಪ್ ಆಯಿತು. ಶಟರ್ ತೆರೆದಿಟ್ಟು ಅಷ್ಟನ್ನೂ ತುಂಬಿಕೊಂಡರೆ ಸೆನ್ಸರ್‌ಗೆ, ಅಂದರೆ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಚಿಪ್‌ಗೆ, ಸಿಗುವುದು ಹಗಲೇ.

ಆದ್ದರಿಂದ ಈ ಫೋಟೋಗಳ ಎಡಿಟಿಂಗ್ ಕೆಲಸ ಉಳಿದವುಗಳಿಗಿಂತ ಉಲ್ಟಾ. ಮದುವೆ ಫೋಟೋ ಆಗಲಿ, ಪ್ರವಾಸದ ಫೋಟೋ ಆಗಲಿ, ಕತ್ತಲಾಗಿರುವುದನ್ನು ಬೆಳಗಿಸುವುದೇ ಅಲ್ಲಿ ಮುಖ್ಯ. ಇಲ್ಲಿ ಎಷ್ಟು ಕತ್ತಲೆ ವಾಪಸ್ ತರಬೇಕು ಅಂತ ನೀವು ತೀರ್ಮಾನಿಸಬೇಕು. ಸಾಫ್ಟ್‌ವೇರ್‌ಗೆ ಅದು ರಾತ್ರಿ ಅಂತ ಗೊತ್ತಿಲ್ಲ. ಆಟೋ ಬಟನ್ ಒತ್ತಿದರೆ ಅದು ಖುಷಿಯಿಂದ ಇನ್ನೂ ಒಂದಿಷ್ಟು ಹಗಲು ಸೇರಿಸಿ ಕೊಡುತ್ತದೆ.

ಕೆರೆ ದಂಡೆಯ ಎರಡು ಫೋಟೋ

ಒಂದು ಜಾಗ ಇಟ್ಟುಕೊಂಡು ಮಾತಾಡುವುದು ಸುಲಭ. ಬಾದಾಮಿಯ ಅಗಸ್ತ್ಯ ತೀರ್ಥ ಅಂತ ಇಟ್ಟುಕೊಳ್ಳಿ. ಊರು ಕೆರೆಯ ಪಶ್ಚಿಮಕ್ಕೆ. ಪೂರ್ವಕ್ಕೆ ಭೂತನಾಥ ದೇಗುಲ, ಅದರ ಮಂಟಪ ನೀರಿನವರೆಗೆ ಚಾಚಿದೆ. ಹಿಂದೆ ಕೆಂಪು ಮರಳುಗಲ್ಲಿನ ಬಂಡೆಗಳು.

ಊರಿನ ಕಡೆಯ ದಡದಿಂದ ಹುಣ್ಣಿಮೆಯಲ್ಲಿ ಎರಡು ಥರದ ಫೋಟೋ ಸಿಗುತ್ತವೆ. ಸಂಜೆ ಚಂದ್ರ ದೇಗುಲದ ಹಿಂದಿನ ಬಂಡೆಗಳ ಕಡೆಯಿಂದ ಮೇಲೆ ಬರುತ್ತಾನೆ. ಆಗ ಚಂದ್ರ ಚಿತ್ರದ ಒಳಗಿರುತ್ತಾನೆ, ದೇಗುಲ ನೆರಳಲ್ಲಿರುತ್ತದೆ. ನಡುರಾತ್ರಿ ಕಳೆದು ಎರಡು ಮೂರು ಗಂಟೆಯ ಮೇಲೆ ಚಂದ್ರ ನಿಮ್ಮ ಬೆನ್ನ ಹಿಂದೆ ವಾಲುತ್ತಾನೆ. ಆಗ ಬೆಳದಿಂಗಳು ನೇರ ದೇಗುಲದ ಮುಖದ ಮೇಲೆ. ಈ ಎರಡನ್ನು ಎಡಿಟ್ ಮಾಡುವ ದಾರಿಯೇ ಬೇರೆ ಬೇರೆ. ಮೊದಲು ಎರಡನೆಯದನ್ನು ನೋಡೋಣ, ಅದು ಅಪ್ಪಟ ಬೆಳದಿಂಗಳ ಚಿತ್ರ.

ಚಂದ್ರ ಎತ್ತರದಲ್ಲಿದ್ದಾಗ ಐಎಸ್‌ಒ (ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಅಂಕಿ) 800, ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/4, ಶಟರ್ 30 ಸೆಕೆಂಡ್ ಅಂದರೆ ಹೆಚ್ಚೂಕಮ್ಮಿ ಹಗಲಿನಷ್ಟೇ ತುಂಬಿದ ಫ್ರೇಮ್ ಸಿಗುತ್ತದೆ. ವಾಲಿದ ಮೇಲೆ, ಮೋಡ ಅಥವಾ ಮಂಜು ಇದ್ದರೆ, ಇನ್ನೊಂದು ಸ್ಟಾಪ್ ಬೇಕಾಗಬಹುದು. ನಮ್ಮ ಕಡೆ ಋತುವೂ ಲೆಕ್ಕಕ್ಕೆ ಬರುತ್ತದೆ. ಜೂನ್ ಹೊತ್ತಿನ ಕಾರ ಹುಣ್ಣಿಮೆಯ ಚಂದ್ರ ಬಾದಾಮಿಯಲ್ಲಿ ದಕ್ಷಿಣಕ್ಕೆ ಸುಮಾರು 50 ಡಿಗ್ರಿ ಎತ್ತರದಲ್ಲೇ ಹಾದುಹೋಗುತ್ತಾನೆ. ಡಿಸೆಂಬರಿನ ಹೊಸ್ತಿಲ ಹುಣ್ಣಿಮೆಗೆ ನೆತ್ತಿಯ ಹತ್ತಿರಕ್ಕೇ ಏರುತ್ತಾನೆ. ನೆತ್ತಿಯ ಬೆಳಕಲ್ಲಿ ನೆರಳು ಕಾಲಡಿ ಸೇರಿ, ಕಂಬಗಳ ಕೆತ್ತನೆ ಸಪ್ಪೆಯಾಗುತ್ತದೆ. ಆ ಸಪ್ಪೆಯನ್ನು ಆಮೇಲೆ ಕಾಂಟ್ರಾಸ್ಟ್ ಸ್ಲೈಡರ್‌ನಿಂದ ತುಂಬಲು ಹೋಗಬೇಡಿ. ಓರೆ ಬೆಳಕಿಗೆ ಕಾಯುವುದೇ ಅಗ್ಗ.

ರಾ ಫೈಲ್ ಒಳಗೆ ಏನಿದೆ

24 ಮೆಗಾಪಿಕ್ಸೆಲ್ ಕ್ಯಾಮೆರಾದ ಸೆನ್ಸರ್ ಮೇಲೆ 2.4 ಕೋಟಿ ಪುಟ್ಟ ಬೆಳಕಿನ ಬಾವಿಗಳಿವೆ. ಒಂದೊಂದರ ಮೇಲೂ ಒಂದೇ ಬಣ್ಣದ ಫಿಲ್ಟರ್. ನಾಲ್ಕರ ಗುಂಪಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಬಹುತೇಕ ಕ್ಯಾಮೆರಾಗಳಲ್ಲಿ ಇರುವುದು ಇದೇ. ರಾ ಫೈಲ್ ಅಂದರೆ ಪ್ರತಿ ಬಾವಿಯಲ್ಲಿ ಎಷ್ಟು ಬೆಳಕು ಬಿತ್ತು ಅನ್ನುವ ಅಂಕಿಗಳ ಪಟ್ಟಿ. ಇನ್ನೆರಡು ಬಣ್ಣಗಳನ್ನು ಅಕ್ಕಪಕ್ಕದವನ್ನು ನೋಡಿ ಊಹಿಸುವುದು ಸಾಫ್ಟ್‌ವೇರ್ ಕೆಲಸ. ಅದಕ್ಕೆ ಡಿಮೊಸಾಯಿಕ್ ಅನ್ನುತ್ತಾರೆ. ವೈಟ್ ಬ್ಯಾಲೆನ್ಸ್, ಅಂದರೆ ಬಿದ್ದ ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಚಿತ್ರದ ಬಣ್ಣ ಸರಿದೂಗಿಸುವುದು, ಅದನ್ನೂ ರಾ ಫೈಲಲ್ಲಿ ಹಚ್ಚಿರುವುದಿಲ್ಲ. ಪಕ್ಕದಲ್ಲಿ ಒಂದು ಟಿಪ್ಪಣಿಯಾಗಿ ಬರೆದಿರುತ್ತದೆ ಅಷ್ಟೆ. ಬೇಕಾದಾಗ ಬದಲಾಯಿಸಬಹುದು, ಏನೂ ನಷ್ಟವಿಲ್ಲ.

ಜೆಪೆಗ್‌ನಲ್ಲಿ ಈ ತೀರ್ಮಾನಗಳನ್ನೆಲ್ಲ ಕ್ಯಾಮೆರಾವೇ ಮಾಡಿ ಮಿಕ್ಕಿದ್ದನ್ನು ಎಸೆದಿರುತ್ತದೆ. ಒಂದು ಬಣ್ಣಕ್ಕೆ ಕಪ್ಪಿನಿಂದ ಬಿಳಿವರೆಗೆ 256 ಹಂತ ಮಾತ್ರ. 14 ಬಿಟ್‌ನ ರಾ ಫೈಲಲ್ಲಿ 16,384 ಹಂತ.

ಆದರೆ ಆ ಹಂತಗಳು ಸಮನಾಗಿ ಹಂಚಿಕೆಯಾಗಿಲ್ಲ. ಸೆನ್ಸರ್ ಲೆಕ್ಕ ನೇರ: ಬೆಳಕು ಎರಡು ಪಟ್ಟಾದರೆ ಅಂಕಿಯೂ ಎರಡು ಪಟ್ಟು. ಹಾಗಾಗಿ ಅತಿ ಬೆಳಕಿನ ಒಂದೇ ಸ್ಟಾಪ್‌ಗೆ 8,192 ಹಂತ, ಅಂದರೆ ಅರ್ಧದಷ್ಟು, ಹೋಗಿಬಿಡುತ್ತದೆ. ಅದರ ಕೆಳಗಿನ ಸ್ಟಾಪ್‌ಗೆ 4,096. ಹೀಗೆ ಅರ್ಧವಾಗುತ್ತಾ ಹೋಗಿ 11ನೇ ಸ್ಟಾಪ್‌ಗೆ ಬರುವಾಗ ಉಳಿಯುವುದು ಬರೀ 8. ರಾತ್ರಿ ಫೋಟೋದ ನೆರಳು ಕೂರುವುದು ಈ ಬಡ ಕೇರಿಯಲ್ಲೇ. ಮುಂದಿನ ಮಾತುಗಳಿಗೆಲ್ಲ ಇದೇ ಬುಡ.

ಸಾಫ್ಟ್‌ವೇರ್ ಯಾವುದು ಅನ್ನುವುದು ದೊಡ್ಡ ವಿಷಯವಲ್ಲ. ಲೈಟ್‌ರೂಮ್, ಕ್ಯಾಪ್ಚರ್ ಒನ್ ದುಡ್ಡು ಕೇಳುತ್ತವೆ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ಓಪನ್ ಸೋರ್ಸ್. ಬಟನ್‌ಗಳ ಹೆಸರು ಬೇರೆ, ಒಳಗಿನ ಕೆಲಸ ಒಂದೇ. ನನ್ನ ಓಟು ಡಾರ್ಕ್‌ಟೇಬಲ್‌ಗೆ. ಕಲಿಯಲು ಸ್ವಲ್ಪ ತಲೆನೋವು, ಆದರೆ ರಾತ್ರಿ ಕೆಲಸಕ್ಕೆ ಅದರಲ್ಲಿರುವ ಒಂದು ಸಾಧನ ಬೇರೆಲ್ಲೂ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮುಂದೆ ಹೇಳುತ್ತೇನೆ.

ಜಾಸ್ತಿ ತುಂಬಿ, ಆಮೇಲೆ ಇಳಿಸುವುದು

ಕತ್ತಲೆ ಬೇಕು ಅಂದಮೇಲೆ ಫೋಟೋವನ್ನೇ ಕತ್ತಲಾಗಿ ತೆಗೆದರಾಯಿತಲ್ಲ ಅಂತ ಕೇಳಬಹುದು. ತೆಗೆಯಬಹುದು, ಆದರೆ ನಷ್ಟವಾಗುತ್ತದೆ. ಕತ್ತಲಾಗಿ ತೆಗೆದರೆ ಇಡೀ ಚಿತ್ರ ಆ ಬಡ ಕೇರಿಗೆ ಇಳಿಯುತ್ತದೆ. ನಾಯ್ಸ್, ಅಂದರೆ ಚಿತ್ರದ ತುಂಬ ಮರಳು ಎರಚಿದಂಥ ಗರಗರ, ಮೇಲೆ ಏಳುತ್ತದೆ. ಹಗಲಿನಷ್ಟು ಬೆಳಕು ತುಂಬಿಕೊಂಡು ಆಮೇಲೆ ಎಕ್ಸ್‌ಪೋಷರ್ ಸ್ಲೈಡರ್ ಕೆಳಗೆ ಎಳೆದರೆ ನಾಯ್ಸೂ ಜೊತೆಗೇ ಕತ್ತಲಿಗೆ ಇಳಿದು ಮರೆಯಾಗುತ್ತದೆ.

ಜಾಗದಲ್ಲಿ ನಿಂತಾಗ ಕ್ಯಾಮೆರಾದ ಹಿಂದಿನ ಪರದೆಯನ್ನು ನಂಬಬೇಡಿ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಹಾಗೆ ಹೊಂದಿಕೊಂಡ ಕಣ್ಣಿಗೆ ಎಂಥ ಕಪ್ಪು ಫೋಟೋವೂ ಪರದೆ ಮೇಲೆ ಥಳಥಳ ಹೊಳೆಯುತ್ತದೆ. "ಸಾಕು, ಚೆನ್ನಾಗಿ ಬಂದಿದೆ" ಅನಿಸುತ್ತದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಇದ್ದಿಲು. ಹಿಸ್ಟೋಗ್ರಾಂ ನೋಡಿ, ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇಟ್ಟು ಚಿತ್ರದಲ್ಲಿ ಯಾವ ಮಟ್ಟದ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಗುಡ್ಡೆ ಎಡಕ್ಕೆ ಅಂಟಿಕೊಳ್ಳದೆ ಮಧ್ಯಕ್ಕೆ ಬಂದಿರಲಿ.

ಎಡಿಟಿಂಗ್‌ನಲ್ಲಿ ಎಷ್ಟು ಇಳಿಸಬೇಕು? ಭೂತನಾಥ ದೇಗುಲದ ಚಿತ್ರಕ್ಕೆ ಒಂದೂವರೆಯಿಂದ ಎರಡು ಸ್ಟಾಪ್ ಅಂತ ಶುರು ಮಾಡಬಹುದು. ಅದಕ್ಕಿಂತ ಮುಖ್ಯ, ಚಿತ್ರದಲ್ಲಿ ಬಿಳಿ ಯಾವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳುವುದು. ಹಗಲಲ್ಲಿ ಸುಣ್ಣ ಬಳಿದ ಗೋಡೆ ಬಿಳಿ. ಬೆಳದಿಂಗಳಲ್ಲಿ ಅದೇ ಗೋಡೆ ಬೂದು, ಅದೂ ನಡುಮಟ್ಟದ ಬೂದು. ಚಿತ್ರದಲ್ಲಿ ನಿಜವಾಗಿ ಬಿಳಿಯಾಗುವ ಹಕ್ಕು ಮೂರಕ್ಕೇ ಇದೆ: ಚಂದ್ರ, ದೀಪ, ಮತ್ತೆ ಅವುಗಳ ನೀರಿನ ಪ್ರತಿಬಿಂಬ. ಈ ಒಂದು ಅಳತೆ ಹಿಡಿದುಕೊಂಡರೆ ಫೋಟೋ ಅರ್ಧಕ್ಕರ್ಧ ತಾನಾಗೇ ರಾತ್ರಿಯಾಗುತ್ತದೆ. ಬಿಳಿ ಜಾಗ ಸಿಗಲಿಲ್ಲ ಅಂತ ಹಿಸ್ಟೋಗ್ರಾಂ ಬಲಗಡೆ ಖಾಲಿ ಉಳಿದರೆ ಉಳಿಯಲಿ. ಅದನ್ನು ಎಳೆದು ತುಂಬಬೇಕು ಅಂತ ಯಾವ ಕಾನೂನೂ ಇಲ್ಲ.

ನೆರಳಿನ ಕಡೆಯೂ ಒಂದು ಮಾತು. ಮಂಟಪದ ಒಳಗಿನ ಕತ್ತಲಲ್ಲಿ ಕೆತ್ತನೆ ಎಲ್ಲ ಕಾಣಬೇಕು ಅಂತ ಶ್ಯಾಡೋ ಸ್ಲೈಡರ್ ಎತ್ತಿದರೆ ರಾತ್ರಿ ಓಡಿಹೋಗುತ್ತದೆ. ನೀವಲ್ಲಿ ನಿಂತಿದ್ದಾಗ ಮಂಟಪದ ಒಳಗಡೆ ಏನೂ ಕಂಡಿರಲಿಲ್ಲ ಅಲ್ವಾ? ಹಾಗೇ ಬಿಡಿ. ಪೂರ್ತಿ ಸೊನ್ನೆಗೆ ಮಾತ್ರ ಇಳಿಸಬೇಡಿ. ಮೊಬೈಲ್ ಪರದೆಗಳು ಆ ಕಪ್ಪನ್ನು ಒಂದು ತೂತಿನ ಹಾಗೆ ತೋರಿಸುತ್ತವೆ.

ಈ "ಎಷ್ಟು ಕತ್ತಲೆ" ಅನ್ನುವ ಪ್ರಶ್ನೆ ಕಂಪ್ಯೂಟರ್‌ಗಿಂತ ಹಳೆಯದು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಊರಿನ ಮೇಲೆ ಚಂದ್ರ ಏರಿದ ಫೋಟೋ ತೆಗೆದರು. ಬಹಳ ಹೆಸರಾದ ಚಿತ್ರ. ಲೈಟ್ ಮೀಟರ್ ಕೈಗೆ ಸಿಗದೆ, ಚಂದ್ರನ ಪ್ರಖರತೆ ಎಷ್ಟು ಅನ್ನುವುದು ನೆನಪಿದ್ದ ಕಾರಣ ಅದರ ಮೇಲೇ ಎಕ್ಸ್‌ಪೋಷರ್ ಲೆಕ್ಕ ಹಾಕಿದರು. ತೆಗೆದದ್ದು ಸಂಜೆ, ಸೂರ್ಯ ಇನ್ನೂ ಮುಳುಗುತ್ತಿದ್ದಾಗ. ಆದರೆ ಅವರು ಮುಂದಿನ ದಶಕಗಳಲ್ಲಿ ಅದೇ ನೆಗೆಟಿವ್‌ನಿಂದ ಪ್ರಿಂಟ್ ಹಾಕುತ್ತಾ ಹೋದ ಹಾಗೆ ಆಕಾಶ ಕಪ್ಪಾಗುತ್ತಾ ಹೋಯಿತು. ಮೊದಮೊದಲ ಪ್ರಿಂಟ್‌ಗಳಲ್ಲಿ ಮೋಡದ ಎಳೆಗಳಿರುವ ಬೂದು ಆಕಾಶ, ಕೊನೆಕೊನೆಯವುಗಳಲ್ಲಿ ಹೆಚ್ಚೂಕಮ್ಮಿ ಕಪ್ಪು. ನಿಮ್ಮ ರಾ ಫೈಲ್ ಕೂಡ ಅಂಥದ್ದೇ ನೆಗೆಟಿವ್.

ಕೆಂಪು ಕಲ್ಲು ರಾತ್ರಿ ಕೆಂಪಲ್ಲ

ಬಣ್ಣದ ವಿಷಯದಲ್ಲೇ ಹೆಚ್ಚಿನ ಜನ ದಾರಿ ತಪ್ಪುವುದು.

ಬೆಳದಿಂಗಳು ತಂಪು ನೀಲಿ ಅಂತ ನಮ್ಮ ಅನಿಸಿಕೆ. ಅಳೆದು ನೋಡಿದರೆ ಅದು ಬಿಸಿಲಿಗಿಂತ ಸ್ವಲ್ಪ ಹಳದಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. ಬಿಸಿಲು ಸುಮಾರು 5,500 ಕೆಲ್ವಿನ್ ಆದರೆ ಬೆಳದಿಂಗಳು ಸುಮಾರು 4,100. ಚಂದ್ರನ ಮಣ್ಣು ನೀಲಿಗಿಂತ ಕೆಂಪನ್ನು ಸ್ವಲ್ಪ ಜಾಸ್ತಿ ವಾಪಸ್ ಕಳಿಸುತ್ತದೆ.

ಹಾಗಾದರೆ ನೀಲಿ ಎಲ್ಲಿಂದ ಬಂತು? ನಮ್ಮ ಕಣ್ಣಿಂದ. ಹಗಲಲ್ಲಿ ಕೆಲಸ ಮಾಡುವ ಶಂಕುಕೋಶಗಳಿಗೆ ಹಳದಿ ಹಸಿರು, ಅಂದರೆ 555 ನ್ಯಾನೋಮೀಟರ್ ಆಸುಪಾಸಿನ ಬೆಳಕು ಚೆನ್ನಾಗಿ ಕಾಣುತ್ತದೆ. ಮಬ್ಬಿನಲ್ಲಿ ಕೆಲಸಕ್ಕೆ ಬರುವ ಸರಳುಕೋಶಗಳ ಒಲವು ನೀಲಿ ಹಸಿರಿನ ಕಡೆಗೆ, 507 ನ್ಯಾನೋಮೀಟರ್ ಹತ್ತಿರ. ಅವಕ್ಕೆ ಕೆಂಪು ಬಹುಮಟ್ಟಿಗೆ ಕಾಣುವುದೇ ಇಲ್ಲ. ಅದಕ್ಕೇ ಕತ್ತಲಾಗುತ್ತಾ ಹೋದ ಹಾಗೆ ಕೆಂಪು ದಾಸವಾಳ ಕಪ್ಪಾಗುತ್ತದೆ, ಅದರ ಎಲೆ ತಿಳಿಯಾಗಿ ಉಳಿಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿದ್ದು ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಹುಣ್ಣಿಮೆಯ ಬೆಳಕಲ್ಲಿ ಎರಡೂ ಬಗೆಯ ಕೋಶಗಳು ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತವೆ. ಹಾಗಾಗಿ ಬಣ್ಣ ಪೂರ್ತಿ ಹೋಗುವುದಿಲ್ಲ, ಮಂಕಾಗುತ್ತದೆ.

ಸೆನ್ಸರ್‌ಗೆ ಸರಳುಕೋಶ ಇಲ್ಲ. ಬೆಳಕು ಎಷ್ಟೇ ಮಂದವಿರಲಿ, ಅದರ ಕೆಂಪು ಫಿಲ್ಟರ್ ಅಷ್ಟೇ ನಿಷ್ಠೆಯಿಂದ ಕೆಂಪು ಎಣಿಸುತ್ತದೆ. ಬಾದಾಮಿಯ ಬಂಡೆ ಕಣ್ಣಿಗೆ ಆ ಹೊತ್ತಲ್ಲಿ ಬೂದುಗಪ್ಪು. ಫೋಟೋದಲ್ಲಿ ಹಣ್ಣು ಕಿತ್ತಳೆ. ಎಕ್ಸ್‌ಪೋಷರ್ ಎಷ್ಟೇ ಇಳಿಸಿದರೂ ಏನೋ ಸರಿಯಿಲ್ಲ ಅನಿಸುವುದು ಇದರಿಂದಲೇ. ಕತ್ತಲಾದ ಹಗಲು ಕಾಣುತ್ತದೆ, ರಾತ್ರಿ ಕಾಣುವುದಿಲ್ಲ.

ಮಾಡಬೇಕಾದ್ದು ಎರಡು ಕೆಲಸ. ಮೊದಲು ವೈಟ್ ಬ್ಯಾಲೆನ್ಸ್. ಕೆಲ್ವಿನ್ ಸ್ಲೈಡರ್ ಉಲ್ಟಾ ಕೆಲಸ ಮಾಡುತ್ತದೆ ಅಂತ ಹೊಸಬರಿಗೆ ಗಲಿಬಿಲಿ. ನೀವು ಅಲ್ಲಿ ಹೇಳುತ್ತಿರುವುದು "ಬಿದ್ದ ಬೆಳಕು ಇಂಥ ಬಣ್ಣದ್ದು" ಅಂತ. ಕಡಿಮೆ ಅಂಕಿ ಕೊಟ್ಟರೆ, ಬೆಳಕು ಹಳದಿಯಾಗಿತ್ತು ಅಂತ ತಿಳಿದು ಸಾಫ್ಟ್‌ವೇರ್ ನೀಲಿ ಸೇರಿಸಿ ಸರಿದೂಗಿಸುತ್ತದೆ. 5,500 ಇಟ್ಟರೆ ನಮ್ಮ ಚಿತ್ರ ಹಳದಿಗೆ ತಿರುಗುತ್ತದೆ. 4,100 ಇಟ್ಟರೆ ಪಕ್ಕಾ ಹಗಲಿನ ಬಣ್ಣ. 3,500ರ ಆಸುಪಾಸಿಗೆ ಇಳಿಸಿದರೆ ತಣ್ಣಗಿನ ನೀಲಿ ಬರುತ್ತದೆ. ಅಲ್ಲಿಂದ ಕೆಳಗೆ ಹೋಗಲು ನನಗೆ ಮನಸ್ಸಿಲ್ಲ. ಸಿನಿಮಾದವರು ಹಗಲಲ್ಲಿ ಶೂಟ್ ಮಾಡಿ ನೀಲಿ ಬಳಿದು ರಾತ್ರಿ ಅನ್ನುತ್ತಿದ್ದರಲ್ಲ, ಅದೇ ಗತಿ ಆಗುತ್ತದೆ.

ಎರಡನೆಯದು, ಮತ್ತೆ ಇದೇ ಹೆಚ್ಚು ಮುಖ್ಯ: ಬಣ್ಣದ ತೀವ್ರತೆ ಇಳಿಸುವುದು. ಒಟ್ಟಾರೆ ಸ್ಯಾಚುರೇಷನ್ ಕಾಲು ಭಾಗ ಕಮ್ಮಿ ಮಾಡಿ. ಆಮೇಲೆ ಕೆಂಪು, ಕಿತ್ತಳೆ ಎರಡನ್ನು ಮಾತ್ರ ಹಿಡಿದು ಅವುಗಳ ಸ್ಯಾಚುರೇಷನ್ನೂ ಪ್ರಕಾಶವೂ ಎರಡೂ ಇನ್ನಷ್ಟು ಇಳಿಸಿ. ಲೈಟ್‌ರೂಮ್‌ನಲ್ಲಿ ಇದಕ್ಕೆ ಬಣ್ಣಬಣ್ಣದ ಸ್ಲೈಡರ್‌ಗಳ ಸಾಲೇ ಇದೆ. ಡಾರ್ಕ್‌ಟೇಬಲ್‌ನಲ್ಲಿ ಆಗಲೇ ಹೇಳಿದ ಆ ಸಾಧನ ಇದೆ: ಲೋಲೈಟ್ ವಿಷನ್ ಅಂತ ಒಂದು ಮಾಡ್ಯೂಲ್. ಮಬ್ಬಿನಲ್ಲಿ ಕಣ್ಣು ಹೇಗೆ ನೋಡುತ್ತದೆ ಅನ್ನುವುದನ್ನೇ ಅದು ಅನುಕರಿಸುತ್ತದೆ. ಚಿತ್ರದ ಯಾವ ಮಟ್ಟದ ಕತ್ತಲಿಂದ ಸರಳುಕೋಶದ ನೋಟ ಶುರುವಾಗಬೇಕು ಅಂತ ಗೆರೆಯೊಂದನ್ನು ಎಳೆದು ಹೇಳಬಹುದು, ನೀಲಿ ಎಷ್ಟು ಬೇಕು ಅಂತಲೂ ಹೇಳಬಹುದು. ದೀಪ ಬಿದ್ದ ಜಾಗ ಬಣ್ಣ ಉಳಿಸಿಕೊಳ್ಳುತ್ತದೆ, ನೆರಳು ಬಣ್ಣ ಕಳೆದುಕೊಳ್ಳುತ್ತದೆ. ಬಹಳ ಜನ ಈ ಮಾಡ್ಯೂಲನ್ನು ತೆರೆದೇ ನೋಡಿರುವುದಿಲ್ಲ.

ಇನ್ನೊಂದು ಕಡೆ ಕೈ ಬಿಗಿ ಹಿಡಿಯಬೇಕು. ರಾತ್ರಿ ನಮ್ಮ ಕಣ್ಣಿಗೆ ಸಣ್ಣ ವಿವರ ಕಾಣುವುದಿಲ್ಲ. ಪ್ರತಿ ಕಲ್ಲಿನ ಅಂಚೂ ಗೀರಿದಷ್ಟು ಹರಿತ ಮಾಡಿದರೆ, ಬಣ್ಣ ಎಷ್ಟೇ ಸರಿಮಾಡಿದ್ದರೂ ಚಿತ್ರ ಹಗಲಿಗೆ ಜಾರುತ್ತದೆ. ಶಾರ್ಪ್‌ನೆಸ್ ಹಿತಮಿತವಾಗಿರಲಿ.

ನಾಯ್ಸ್

ಅಂಗಳದಲ್ಲಿ ಸಾಲಾಗಿ ಲೋಟಗಳನ್ನು ಇಟ್ಟಿದ್ದೀರಿ, ತುಂತುರು ಮಳೆ ಬರುತ್ತಿದೆ. ಎಲ್ಲ ಲೋಟಗಳ ಮೇಲೂ ಅದೇ ಮಳೆ. ಆದರೂ ಒಂದಕ್ಕೆ ಎಂಟು ಹನಿ ಬಿದ್ದರೆ ಪಕ್ಕದ್ದಕ್ಕೆ ಹನ್ನೆರಡು. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ ಬಿದ್ದರೆ ಏರುಪೇರು ಸುಮಾರು 10, ಅಂದರೆ ಶೇ. 10. ಅದೇ 10,000 ಬಿದ್ದರೆ ಏರುಪೇರು 100, ಅಂದರೆ ಬರೀ ಶೇ. 1. ಲೆಕ್ಕ ವರ್ಗಮೂಲದ್ದು. ಕತ್ತಲೆ ಫೋಟೋ ಗರಗರ ಅನಿಸುವುದಕ್ಕೆ ಮುಖ್ಯ ಕಾರಣ ಇದು. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಐಎಸ್‌ಒ ಏರಿಸಿದರೂ ಬೆಳಕು ಜಾಸ್ತಿ ಬರುವುದಿಲ್ಲ. ಬಂದಷ್ಟನ್ನೇ ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೆ. ಬೆಳಕು ಜಾಸ್ತಿ ಬೇಕಾದರೆ ಶಟರ್ ಅಥವಾ ಅಪರ್ಚರ್ ಕಡೆಯೇ ಹೋಗಬೇಕು.

ಇನ್ನೊಂದು ಉಪಾಯ, ಒಂದೇ ಚೌಕಟ್ಟನ್ನು ಹಲವು ಸಲ ತೆಗೆದು ಸರಾಸರಿ ಮಾಡುವುದು. ನಾಲ್ಕು ಫ್ರೇಮ್ ಸೇರಿಸಿದರೆ ನಾಯ್ಸ್ ಅರ್ಧ, ಒಂಬತ್ತಾದರೆ ಮೂರನೇ ಒಂದು ಪಾಲು. ಕಲ್ಲು, ಮಂಟಪಗಳಿಗೆ ಇದು ಸೊಗಸಾಗಿ ಹೊಂದುತ್ತದೆ. ಕೆರೆಯ ನೀರು ಮಾತ್ರ ಗಾಜಿನಷ್ಟು ನುಣುಪಾಗುತ್ತದೆ. ನಕ್ಷತ್ರಗಳು ಸರಿದಿರುತ್ತವೆ, ಆಕಾಶವನ್ನು ಬೇರೆಯಾಗಿ ಜೋಡಿಸಬೇಕು.

ಸೆನ್ಸರ್ ಬಿಸಿಯಿಂದ ಬರುವ ನಾಯ್ಸ್ ಬೇರೆ ಜಾತಿ. 30 ಸೆಕೆಂಡ್‌ನಂಥ ಉದ್ದದ ಎಕ್ಸ್‌ಪೋಷರ್‌ನಲ್ಲಿ ಅಲ್ಲಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆಗಳು ಎದ್ದು ಕಾಣುತ್ತವೆ. ಇವು ಹಾಟ್ ಪಿಕ್ಸೆಲ್. ಸೆನ್ಸರ್ ತಾಪಮಾನ 6-8 ಡಿಗ್ರಿ ಏರಿದಾಗಲೆಲ್ಲ ಈ ಸೋರಿಕೆ ಹೆಚ್ಚೂಕಮ್ಮಿ ದುಪ್ಪಟ್ಟು. ಹಾಗಾಗಿ ಮೇ ತಿಂಗಳ ರಾಯಚೂರಿನ ರಾತ್ರಿ ಮತ್ತು ಜನವರಿಯ ಚಿಕ್ಕಮಗಳೂರಿನ ರಾತ್ರಿ ಒಂದೇ ಅಲ್ಲ. ಮದ್ದು ಸುಲಭ. ಕೆಲಸ ಮುಗಿದ ಕೂಡಲೇ ಲೆನ್ಸ್‌ಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ 30 ಸೆಕೆಂಡ್‌ನಲ್ಲಿ ಒಂದು ಕಪ್ಪು ಫ್ರೇಮ್ ತೆಗೆಯಿರಿ. ಅದರಲ್ಲಿ ಆ ಚುಕ್ಕೆಗಳು ಮಾತ್ರ ಇರುತ್ತವೆ. ರಾಥೆರಪಿಗೆ ಆ ಫೈಲ್ ತೋರಿಸಿದರೆ ಮೂಲ ಚಿತ್ರದಿಂದ ಅದನ್ನು ಕಳೆದುಬಿಡುತ್ತದೆ. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಇದನ್ನೇ ಮಾಡುವುದು. ಆದರೆ ಪ್ರತಿ ಫೋಟೋಗೂ ಕಾಯುವ ಹೊತ್ತು ದುಪ್ಪಟ್ಟಾಗುತ್ತದೆ.

ಉಳಿದದ್ದಕ್ಕೆ ಡಿನಾಯ್ಸ್. ಬಣ್ಣದ ನಾಯ್ಸನ್ನು ಧಾರಾಳವಾಗಿ ತೆಗೆಯಿರಿ, ಬೂದು ನಾಯ್ಸನ್ನು ಸ್ವಲ್ಪ ಉಳಿಸಿ. ಎಐ ಡಿನಾಯ್ಸ್ ನಿಜಕ್ಕೂ ಒಳ್ಳೆಯದು. ಲೈಟ್‌ರೂಮ್‌ಗೆ ಅದು 2023ರಲ್ಲಿ ಬಂತು. ಆದರೆ ಪೂರ್ತಿ ಪ್ರಮಾಣದಲ್ಲಿ ಹಾಕಿದರೆ ಸವೆದ ಕೆತ್ತನೆಯನ್ನು ಮೇಣದ ಹಾಗೆ ನುಣುಪು ಮಾಡಬಹುದು, ಸಣ್ಣ ನಕ್ಷತ್ರಗಳನ್ನು ನಾಯ್ಸ್ ಅಂತ ನುಂಗಿಬಿಡಬಹುದು. ಅರ್ಧದಿಂದ ಶುರು ಮಾಡಿ, ಶೇ. 100 ಜೂಮ್‌ನಲ್ಲಿ ನೋಡಿ.

ಚಂದ್ರನೇ ಚಿತ್ರದೊಳಗೆ ಬಂದರೆ

ಈಗ ಸಂಜೆಯ ಫೋಟೋ. ಇಲ್ಲಿ ತೊಂದರೆ ಬೇರೆ. ಚಂದ್ರನ ಮೇಲೆ ಈಗ ನಡುಹಗಲು. ಎಫ್/11, ಐಎಸ್‌ಒ 100 ಇಟ್ಟರೆ ಅವನಿಗೆ ಸೆಕೆಂಡಿನ 100ನೇ ಒಂದು ಪಾಲು ಸಾಕು. ಅವನು ಬೆಳಗಿದ ನೆಲಕ್ಕೋ ಎಫ್/4, ಐಎಸ್‌ಒ 800ರಲ್ಲೂ 30 ಸೆಕೆಂಡ್ ಬೇಕು. ಎರಡರ ನಡುವಿನ ಅಂತರ 17 ಸ್ಟಾಪ್‌ಗೂ ಜಾಸ್ತಿ. ಒಳ್ಳೆಯ ಕ್ಯಾಮೆರಾ ಒಂದು ಫ್ರೇಮ್‌ನಲ್ಲಿ ಹಿಡಿಯುವುದು 12ರಿಂದ 14 ಸ್ಟಾಪ್. ನೆಲಕ್ಕೆ ಸರಿಮಾಡಿದರೆ ಚಂದ್ರ ಸುಟ್ಟುಹೋಗುತ್ತಾನೆ. ಜೊತೆಗೆ ಅವನು ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. 30 ಸೆಕೆಂಡ್‌ನಲ್ಲಿ ಕಾಲು ಅಗಲ ಸರಿದು ಉದ್ದುದ್ದ ಆಗಿರುತ್ತಾನೆ.

ಸುಟ್ಟ ಚಂದ್ರನನ್ನು ಹೈಲೈಟ್ ಸ್ಲೈಡರ್‌ನಿಂದ ಉಳಿಸಲು ಹೋದಾಗ ಕೆಲವೊಮ್ಮೆ ಅವನು ಗುಲಾಬಿ ಆಗುತ್ತಾನೆ. ಇದು ಬಹಳ ಜನರನ್ನು ಕಾಡುವ ಪ್ರಶ್ನೆ. ಕಾರಣ ಇಷ್ಟು. ಸೆನ್ಸರ್‌ನಲ್ಲಿ ಹಸಿರು ಪಿಕ್ಸೆಲ್‌ಗಳ ಅಂಕಿ ಸಾಮಾನ್ಯವಾಗಿ ದೊಡ್ಡದು. ವೈಟ್ ಬ್ಯಾಲೆನ್ಸ್ ಮಾಡುವಾಗ ಸಾಫ್ಟ್‌ವೇರ್ ಕೆಂಪು, ನೀಲಿ ಅಂಕಿಗಳನ್ನು ಒಂದೂವರೆ ಎರಡು ಪಟ್ಟು ಗುಣಿಸಿ ಹಸಿರಿಗೆ ಸಮ ಮಾಡುತ್ತದೆ. ಚಂದ್ರ ಸುಟ್ಟ ಜಾಗದಲ್ಲಿ ಮೂರೂ ಬಣ್ಣ ತಮ್ಮ ಮಿತಿಗೆ ಬಡಿದು ಒಂದೇ ಅಂಕಿಯಲ್ಲಿ ನಿಂತಿರುತ್ತವೆ. ಆಗ ಗುಣಿಸಿದರೆ ಕೆಂಪು, ನೀಲಿ ಮೇಲೆ ಹೋಗಿ ಹಸಿರು ಹಿಂದೆ ಉಳಿಯುತ್ತದೆ. ಹಸಿರು ಕಮ್ಮಿಯಾದ ಬಿಳಿ ಗುಲಾಬಿಯೇ. ಹೈಲೈಟ್ ರಿಕನ್‌ಸ್ಟ್ರಕ್ಷನ್ ಚಾಲೂ ಮಾಡಿದರೆ ಗುಲಾಬಿ ಹೋಗಿ ಬಿಳಿಯಾಗುತ್ತದೆ. ಚಂದ್ರನ ಕಲೆಗಳು ಮಾತ್ರ ವಾಪಸ್ ಬರುವುದಿಲ್ಲ. ಅಲ್ಲಿ ಮಾಹಿತಿಯೇ ಇಲ್ಲ.

ನಿಜವಾದ ಪರಿಹಾರ ಹೊತ್ತು ನೋಡಿ ಹೋಗುವುದು. ಹುಣ್ಣಿಮೆ ದಿನ ಚಂದ್ರ ಹುಟ್ಟುವುದೂ ಸೂರ್ಯ ಮುಳುಗುವುದೂ ಹೆಚ್ಚೂಕಮ್ಮಿ ಒಂದೇ ಹೊತ್ತಿಗೆ. ಸೂರ್ಯ ಮುಳುಗಿದ ಕಾಲು ಗಂಟೆಯ ಆಸುಪಾಸಿನಲ್ಲಿ ಆಕಾಶ, ನೆಲ, ಚಂದ್ರ ಮೂರೂ ಒಂದು ಫ್ರೇಮ್‌ನಲ್ಲಿ ಹಿಡಿಸುವಷ್ಟು ಹತ್ತಿರ ಬರುತ್ತವೆ. ಬಾದಾಮಿಯಂಥ ಕಡೆ ಪೂರ್ವಕ್ಕೆ ಬಂಡೆ ಅಡ್ಡ ಇದೆಯಲ್ಲ, ಅಲ್ಲಿ ಇನ್ನೊಂದು ಲೆಕ್ಕ ಬೇಕು. ಬಂಡೆಯ ನೆತ್ತಿ 10 ಡಿಗ್ರಿ ಎತ್ತರದಲ್ಲಿದ್ದರೆ ಚಂದ್ರ ಅದನ್ನು ದಾಟಲು 40 ನಿಮಿಷ ತಡ. ಅಷ್ಟರಲ್ಲಿ ಸಂಜೆಬೆಳಕು ಮುಗಿದಿರುತ್ತದೆ. ಹಾಗಾಗಿ ಹಿಂದಿನ ದಿನ, ಚತುರ್ದಶಿಗೆ ಹೋಗಿ. ಅವತ್ತು ಅವನು ಸುಮಾರು 50 ನಿಮಿಷ ಮುಂಚೆ ಹುಟ್ಟುತ್ತಾನೆ. ಕಣ್ಣಿಗೆ ಹುಣ್ಣಿಮೆ ಚಂದ್ರನೇ. ಐಎಸ್‌ಒ 100ರಲ್ಲಿ, ಚಂದ್ರ ಸುಡದಷ್ಟು ಮಾತ್ರ ಎಕ್ಸ್‌ಪೋಷರ್ ಕೊಟ್ಟು, ನೆಲವನ್ನು ಎಡಿಟಿಂಗ್‌ನಲ್ಲಿ ಎರಡು ಮೂರು ಸ್ಟಾಪ್ ಎತ್ತಿದರೆ ಇವತ್ತಿನ ಸೆನ್ಸರ್‌ಗಳು ತಡೆದುಕೊಳ್ಳುತ್ತವೆ. ಚಂದ್ರ ಇನ್ನೂ ತಗ್ಗಿನಲ್ಲಿದ್ದರೆ ಕಿತ್ತಳೆ ಇರುತ್ತಾನೆ. ಆ ಬಣ್ಣವನ್ನು ವೈಟ್ ಬ್ಯಾಲೆನ್ಸ್‌ನಿಂದ ತೊಳೆದು ಬಿಳಿ ಮಾಡಬೇಡಿ.

ಕತ್ತಲಾದ ಮೇಲೆಯೇ ಬೇಕು ಅಂದರೆ ಎರಡು ಫ್ರೇಮ್ ತೆಗೆದು ಜಿಂಪ್ ಅಥವಾ ಫೋಟೋಶಾಪ್‌ನಲ್ಲಿ ಸೇರಿಸಬೇಕು. ಬೇರೆ ಬೇರೆ ಎಕ್ಸ್‌ಪೋಷರ್‌ನ ಫ್ರೇಮ್‌ಗಳನ್ನು ತಾನೇ ತಾನಾಗಿ ಸೇರಿಸಿ ಎಚ್‌ಡಿಆರ್ ಮಾಡುವ ಬಟನ್ ಇಲ್ಲಿ ಕೈಕೊಡುತ್ತದೆ, ಎರಡು ಫ್ರೇಮ್ ನಡುವೆ ಚಂದ್ರ ಸರಿದಿರುತ್ತಾನೆ. ಸೇರಿಸುವಾಗ ಅವನ ಸುತ್ತಲಿನ ಮಸುಕು ಪ್ರಭೆಯನ್ನು ಉಳಿಸಿ. ಪ್ರಭೆ ಅಳಿಸಿ ಹರಿತವಾದ ಬಿಲ್ಲೆ ಕೂರಿಸಿದರೆ ಅಂಟಿಸಿದ್ದು ಅಂತ ಮಗುವಿಗೂ ಗೊತ್ತಾಗುತ್ತದೆ. ಗಾತ್ರವನ್ನಂತೂ ಮುಟ್ಟಬೇಡಿ. 24 ಎಂಎಂ ಲೆನ್ಸ್‌ನಲ್ಲಿ, 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದ ಚಿತ್ರದಲ್ಲಿ, ಚಂದ್ರನ ಅಗಲ ಸುಮಾರು 36 ಪಿಕ್ಸೆಲ್ ಮಾತ್ರ. ದೇಗುಲದ ಶಿಖರಕ್ಕಿಂತ ದೊಡ್ಡ ಚಂದ್ರನನ್ನು ತಂದು ಇಡುವವರು ಇದ್ದಾರೆ. ಅದನ್ನು ನಾನು ಫೋಟೋ ಅನ್ನುವುದಿಲ್ಲ.

ಟೆಲಿ ಲೆನ್ಸ್‌ನಲ್ಲಿ ಬರೀ ಚಂದ್ರನ ಬಿಲ್ಲೆ ತೆಗೆಯುವವರಿಗೆ ಒಂದು ಮಾತು. ಹುಣ್ಣಿಮೆಯಲ್ಲಿ ಬಿಸಿಲು ಅಲ್ಲಿ ನಮ್ಮ ಬೆನ್ನ ಕಡೆಯಿಂದ ನೇರ ಬೀಳುವುದರಿಂದ ಕುಳಿಗಳಿಗೆ ನೆರಳೇ ಇಲ್ಲ. ಅರ್ಧಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿರದೆ ಹೆಚ್ಚೂಕಮ್ಮಿ ಹತ್ತನೇ ಒಂದು ಪಾಲಿಗೆ ಇಳಿಯುವುದಕ್ಕೂ ಈ ನೆರಳುಗಳು ಒಂದು ಕಾರಣ. ನೆರಳಿಲ್ಲದ ಕಡೆ ಶಾರ್ಪ್ ಮಾಡಿದರೆ ಏನೂ ಸಿಗುವುದಿಲ್ಲ. ಲೋಕಲ್ ಕಾಂಟ್ರಾಸ್ಟ್ ಮೆಲ್ಲಗೆ ಎತ್ತಿ, ಕಪ್ಪು ಕಲೆಗಳೂ ಬಿಳಿ ನೆಲವೂ ಬೇರೆಯಾಗುತ್ತವೆ. ಆಮೇಲೆ ಕುತೂಹಲಕ್ಕೆ ಸ್ಯಾಚುರೇಷನ್ ಸ್ವಲ್ಪ ಸ್ವಲ್ಪವಾಗಿ ಏರಿಸಿ ನೋಡಿ. ಟೈಟಾನಿಯಂ ಜಾಸ್ತಿ ಇರುವ ಬಯಲುಗಳು ನೀಲಿಗೆ, ಉಳಿದವು ಕಂದು ಕಿತ್ತಳೆಗೆ ತಿರುಗುತ್ತವೆ. ಅದು ಸುಳ್ಳು ಬಣ್ಣವಲ್ಲ, ಅಲ್ಲಿರುವ ಬಣ್ಣವೇ ಹಿಗ್ಗಿದ್ದು. ಫೋನ್‌ನಲ್ಲಿ ತೆಗೆಯುವವರು ರಾ ಮೋಡ್ ಹಾಕಿಕೊಳ್ಳಿ. ಕೆಲವು ಫೋನ್‌ಗಳು ಚಂದ್ರನನ್ನು ಗುರುತಿಸಿ ಎಐ ಮೂಲಕ ವಿವರಗಳನ್ನು ತಾವೇ ತಿದ್ದಿ ಕೊಡುತ್ತವೆ. 2023ರಲ್ಲಿ ಸ್ಯಾಮ್‌ಸಂಗ್ ಫೋನ್‌ಗಳ ಬಗ್ಗೆ ಇದೇ ದೊಡ್ಡ ಚರ್ಚೆ ಆಗಿತ್ತು.

ದೀಪ, ಮಾಸ್ಕ್, ಕೊನೆಯ ಫೈಲ್

ಊರು ಹತ್ತಿರ ಇದ್ದರೆ ಬೀದಿದೀಪ ಬಂದೇ ಬರುತ್ತದೆ. ಹಳೇ ಸೋಡಿಯಂ ದೀಪ ಸುಮಾರು 2,000 ಕೆಲ್ವಿನ್, ಎಲ್‌ಇಡಿ 4,000ದಿಂದ 6,500ರವರೆಗೆ ಯಾವುದೂ ಆಗಬಹುದು. ಒಂದೇ ವೈಟ್ ಬ್ಯಾಲೆನ್ಸ್‌ನಿಂದ ಎಲ್ಲವನ್ನೂ ಸರಿಮಾಡಲಾಗದು. ಬೆಳದಿಂಗಳಿಗೆ ಹೊಂದಿಸಿ, ದೀಪ ಬಿದ್ದ ಜಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಆ ಜಾಗವನ್ನಷ್ಟೇ ಗುರುತು ಮಾಡಿ, ಬೇರೆಯಾಗಿ ಇಳಿಸಿ. ಕಿಟಕಿಯ ಬೆಚ್ಚಗಿನ ಹಳದಿ ಇದ್ದರೆ ಅದನ್ನು ಹಾಗೇ ಬಿಡಿ. ಪಕ್ಕದಲ್ಲಿ ಆ ಹಳದಿ ಇದ್ದರೆ ಬೆಳದಿಂಗಳಿಗೆ ಜಾಸ್ತಿ ನೀಲಿ ಬೇಕಾಗುವುದೇ ಇಲ್ಲ. ಆಕಾಶಕ್ಕೆ ಮಾಸ್ಕ್ ಹಾಕುವಾಗ ಬಂಡೆಯ ಅಂಚಲ್ಲಿ ಬೆಳ್ಳಗಿನ ಗೆರೆ ಏಳುತ್ತದೆಯೇ ಅಂತ ಜೂಮ್ ಮಾಡಿ ನೋಡಿ. ಎದ್ದರೆ ಫೆದರ್, ಅಂದರೆ ಮಾಸ್ಕಿನ ಅಂಚು ಎಷ್ಟು ಮೃದುವಾಗಿರಬೇಕು ಅನ್ನುವುದನ್ನು, ಬದಲಾಯಿಸಿ.

ಎಡಿಟ್ ಮಾಡುವ ಕೋಣೆಯಲ್ಲಿ ಸಾಧಾರಣ ದೀಪ ಹಾಕಿರಲಿ, ಪರದೆಯ ಬ್ರೈಟ್‌ನೆಸ್ ನಡುಮಟ್ಟಕ್ಕಿರಲಿ. ಕಗ್ಗತ್ತಲ ಕೋಣೆಯಲ್ಲಿ ಹೊಳೆಯುವ ಪರದೆ ಮುಂದೆ ಕೂತರೆ ಚಿತ್ರವನ್ನು ಅಳತೆ ಮೀರಿ ಕಪ್ಪು ಮಾಡುತ್ತೀರಿ. ಬೆಳಿಗ್ಗೆ ಬಸ್ಸಲ್ಲಿ ಫೋನ್ ನೋಡುವವರಿಗೆ ಏನೂ ಕಾಣುವುದಿಲ್ಲ. ಪ್ರಿಂಟ್‌ಗೆ ಕೊಡುವುದಾದರೆ ಇನ್ನೂ ಅರ್ಧ ಸ್ಟಾಪ್ ಎತ್ತಿಟ್ಟ ಕಾಪಿ ಬೇರೆ ಮಾಡಿ, ಮೊದಲು ಸಣ್ಣದೊಂದು ಪ್ರಿಂಟ್ ಹಾಕಿಸಿ ನೋಡಿ.

ಜೆಪೆಗ್ ಮಾಡುವಾಗ 14 ಬಿಟ್‌ನ ನಯವಾದ ಆಕಾಶವನ್ನು 256 ಹಂತಗಳಿಗೆ ಇಳಿಸುತ್ತೀರಿ. ಆಗ ಚಂದ್ರನ ಸುತ್ತ ಬಳೆಬಳೆಯಾಗಿ ಪಟ್ಟಿಗಳು ಕಾಣಬಹುದು. ಸ್ವಲ್ಪ ಬೂದು ನಾಯ್ಸ್ ಉಳಿಸಿ ಅಂದಿದ್ದು ಇದಕ್ಕೂ ಸೇರಿಯೇ. ಆ ಸಣ್ಣ ಗರಗರ ಪಟ್ಟಿಗಳನ್ನು ಒಡೆದು ಮರೆಮಾಡುತ್ತದೆ. ನಾಯ್ಸ್ ಪೂರ್ತಿ ತೆಗೆದಿದ್ದರೆ ಡಾರ್ಕ್‌ಟೇಬಲ್‌ನ ಡಿದರ್ ಮಾಡ್ಯೂಲ್ ಹಾಕಿ, ಅದು ಅಂಥದ್ದೇ ಸಣ್ಣ ಗರಗರ ಸೇರಿಸುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಮತ್ತೊಮ್ಮೆ ಹಿಂಡಿ, ಅಳಿಸಿದ ಪಟ್ಟಿಗಳನ್ನೆಲ್ಲ ವಾಪಸ್ ತರುತ್ತದೆ.